ನೀರು ಒಡೆಯದ ಗಾಜು

ಅಕ್ಕನ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಹತ್ತು ಬೆರಳೂ ಹಾಗೆಯೇ, ಹೊಳೆಯಲ್ಲಿ ಉರುಳಿ ಉರುಳಿ ಸವೆದ ಕಲ್ಲಿನಂತೆ ನುಣ್ಣಗೆ. ಕಾಲೇಜಿಗೆ ಹೆಬ್ಬೆರಳು ಒತ್ತಿ ಹಾಜರಿ ಹಾಕುವ ಯಂತ್ರ ಬಂದ ದಿನ ಇದು ಎಲ್ಲರಿಗೂ ಗೊತ್ತಾಯಿತು. ಸಾಲಿನಲ್ಲಿ ಅವಳ ಸರದಿ ಬಂದಾಗ ಯಂತ್ರ ಕೆಂಪು ದೀಪ ಹೊತ್ತಿಸಿ, ಮತ್ತೆ ಒತ್ತಿ ಎಂದು ಇಂಗ್ಲಿಷಿನಲ್ಲಿ ಹೇಳಿತು. ಸೆರಗಿಗೆ ಒರೆಸಿಕೊಂಡು ಒತ್ತಿದಳು. ಎಡಗೈಯದು ಒತ್ತಿದಳು. ಹಿಂದೆ ನಿಂತವರು ಗೊಣಗತೊಡಗಿದರು. ಅವಳು ನನ್ನ ಕಡೆ ತಿರುಗಿ, "ಈ ಮುಂಡೇದು ನನ್ನ ಮನುಸ್ರು ಅಂತ್ಲೇ ಒಪ್ಕತಾ ಇಲ್ಲ ಕಣವ್ವ" ಎಂದು ನಕ್ಕುಬಿಟ್ಟಳು.

ಕೊನೆಗೆ ಆಫೀಸಿನವರು ಅವಳೊಬ್ಬಳಿಗಾಗಿ ಹಳೆಯ ಹಾಜರಿ ಪುಸ್ತಕವನ್ನು ಉಳಿಸಿಕೊಂಡರು. ಅವಳಿಗೆ ಓದು ಬರಹ ಬಾರದು. ದಿನಾ ಬೆಳಿಗ್ಗೆ ಇಂಕ್ ಪ್ಯಾಡಿಗೆ ಹೆಬ್ಬೆರಳು ತಾಗಿಸಿ ಪುಸ್ತಕಕ್ಕೆ ಒತ್ತುತ್ತಿದ್ದಳು. ಹಳೆಯ ಪುಟಗಳಲ್ಲಿ ತೋಟದ ಮಾಲಿಯ ಹೆಬ್ಬೆಟ್ಟು ಗೆರೆಗೆರೆಯಾಗಿ ಕಾಣುತ್ತಿತ್ತು. ಅಕ್ಕನದು ಬರೀ ನೀಲಿ ಚುಕ್ಕೆ.

ಅವಳು ನಮ್ಮ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವವಳು. ರಾಮನಗರದ ಹೊರಗಿನ ಆ ಕಾಲೇಜಿನಲ್ಲಿ ನಾನು ಪಾಠ ಮಾಡುತ್ತಲೇ ಪಿಎಚ್‌ಡಿಗೂ ಸೇರಿಕೊಂಡಿದ್ದೆ. ನನ್ನದು ಮಾಗಡಿಯ ಕಡೆಯ ಕಲ್ಯ, ಅವಳದು ಕೂಟಗಲ್. ಮೊದಲನೆಯ ದಿನವೇ ಊರು ಕೇಳಿ, "ಅಂಗಾರೆ ನಮ್ ಕಡೆಯೋರೇ ಬುಡಿ" ಎಂದು ನನ್ನನ್ನು ಒಪ್ಪಿಕೊಂಡುಬಿಟ್ಟಳು. ನನಗಿಂತ ಇಪ್ಪತ್ತು ವರ್ಷ ದೊಡ್ಡವಳು. ನಾನು ಅವಳನ್ನು ಅಕ್ಕ ಎಂದು ಕರೆದರೂ ಮಾತಾಡುತ್ತಿದ್ದದ್ದು ನೀನು ಎಂದೇ. ಅವಳು ನನಗೆ ಅವ್ವ ಎನ್ನುತ್ತಿದ್ದಳು, ಆದರೆ ಒಂದು ದಿನವೂ ನೀವು ಎನ್ನುವುದನ್ನು ಬಿಡಲಿಲ್ಲ. ಇದು ಆಗ ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

ಹೊಟ್ಟೆಗಿಲ್ಲದೆ ಕೆಲಸಕ್ಕೆ ಬಂದವಳಲ್ಲ. ಮನೆಯಲ್ಲಿ ಹಿಪ್ಪುನೇರಳೆ ತೋಟವಿತ್ತು, ರೇಷ್ಮೆ ಹುಳದ ಮನೆಯಿತ್ತು. ಗಂಡ ತೀರಿಕೊಂಡ ಮೇಲೆ ಒಬ್ಬಳಿಂದ ಹುಳ ಸಾಕುವುದಾಗದೆ, ತೋಟವನ್ನು ಮಗನ ಕೈಗೆ ಬಿಟ್ಟು ಲ್ಯಾಬಿಗೆ ಬಂದಳು. "ಹುಳದ್ ಮನೆ ತೊಳ್ದ ಕೈ ಇದು. ಒಸಿ ಕೊಳೆ ಇದ್ರೂ ಹುಳ ಸುಣ್ಣಕಟ್ಟು ಕಾಯ್ಲೆ ಬಂದು ಸತ್ತೋಯ್ತವೆ. ನಿಮ್ ಗಾಜು ಸಾಯಲ್ವಲ್ಲ, ಇನ್ನೇನು ಕಷ್ಟ" ಎನ್ನುತ್ತಿದ್ದಳು.

ಗಾಜು ನಿಜವಾಗಿ ಶುದ್ಧವಾಗಿದೆಯೇ ಎಂದು ನೋಡುವುದನ್ನು ನಾನು ಎಂಎಸ್ಸಿಯಲ್ಲಿ ಓದಿದ್ದೆ. ಕಣ್ಣಾರೆ ಕಂಡದ್ದು ಅವಳ ಕೈಯಲ್ಲಿ. ತೊಳೆದ ಬುಡ್ಡಿಯನ್ನು, ನಾವು ಫ್ಲಾಸ್ಕ್ ಎನ್ನುವುದನ್ನು, ಒಂದು ಸಲ ನೀರಿನಲ್ಲಿ ಅದ್ದಿ ಎತ್ತಿ ಕಿಟಕಿಗೆ ಹಿಡಿಯುತ್ತಿದ್ದಳು. ಒಂದಿಷ್ಟು ಜಿಡ್ಡಿದ್ದರೂ ನೀರು ಹನಿಹನಿಯಾಗಿ ಒಡೆದುಕೊಂಡು ನಿಲ್ಲುತ್ತದೆ. ಶುದ್ಧವಾದ ಗಾಜಿನ ಮೇಲೆ ನೀರು ಒಡೆಯುವುದಿಲ್ಲ, ತೆಳ್ಳಗೆ ಹರಡಿಕೊಂಡು, ಇದೆಯೋ ಇಲ್ಲವೋ ಎನ್ನುವ ಹಾಗೆ ಇರುತ್ತದೆ. "ನೀರು ಒಡೀಬಾರ್ದು ಕಣವ್ವ, ಅಷ್ಟೇಯ" ಎಂದು ಅವಳು ಹೇಳುವಾಗ, ನಮ್ಮ ಪಠ್ಯಪುಸ್ತಕದಲ್ಲಿ ಅರ್ಧ ಪುಟ ಬರೆದದ್ದೆಲ್ಲ ಅದರಲ್ಲಿ ಬಂದುಬಿಡುತ್ತಿತ್ತು. ಆಮೇಲೆ ಬುಡ್ಡಿಯನ್ನು ಓವನ್ನಿನಲ್ಲಿ ಎರಡು ಗಂಟೆ ಒಣಗಿಸಿ, ತೇವ ಹೀರುವ ಹರಳು ಹಾಕಿದ ದಪ್ಪ ಗಾಜಿನ ಡಬ್ಬದಲ್ಲಿ ಮುಚ್ಚಿಡುತ್ತಿದ್ದಳು.

ನಮ್ಮ ಸೀಮೆಯಲ್ಲಿ ಯಾರ ಮನೆಗೆ ಹೋದರೂ, ತೊಳೆದು ಕವುಚಿಟ್ಟ ಲೋಟವನ್ನೇ ಮತ್ತೊಮ್ಮೆ ಗಲಬರಿಸಿ, ಆ ನೀರನ್ನು ಚೆಲ್ಲಿ, ಆಮೇಲೆ ಕುಡಿಯುವ ನೀರು ತುಂಬಿ ಕೊಡುತ್ತಾರೆ. ಹಾಗೆ ಮಾಡದಿದ್ದರೆ ಬಂದವರಿಗೆ ಮರ್ಯಾದೆ ಕೊಟ್ಟ ಹಾಗಲ್ಲ. ನಮ್ಮವ್ವ ಈ ವಿಷಯದಲ್ಲಿ ನನ್ನ ಬೆನ್ನ ಮೇಲೆ ಎರಡು ಬಿಟ್ಟೇ ಕಲಿಸಿದವಳು. ಅಕ್ಕ ಮಾತ್ರ ಗಲಬರಿಸುತ್ತಿರಲಿಲ್ಲ. ಲ್ಯಾಬಿನ ಮೂಲೆಯಲ್ಲಿ ಅವಳದೇ ನಾಲ್ಕು ಸ್ಟೀಲ್ ಲೋಟಗಳಿದ್ದವು. ನೇರವಾಗಿ ನೀರು ತುಂಬಿ ಕೊಡುತ್ತಿದ್ದಳು. ನಾನೊಮ್ಮೆ ಅದನ್ನು ಎತ್ತಿ ಆಡಿದೆ. "ನಾನೇ ತೊಳ್ದಿವ್ನಿ, ತಿರ್ಗಾ ಯಾಕವ್ವ ತೊಳೀಬೇಕು? ಅಂಗ್ ಮಾಡಿದ್ರೆ ನನ್ ಕೈಯ ನಾನೇ ನಂಬ್ದಂಗಲ್ವಾ" ಎಂದಳು. ಆ ಹಮ್ಮು ಅವಳಿಗೆ ಒಪ್ಪುತ್ತಿತ್ತು.

ಈಗ ನನ್ನ ಕೆಲಸದ ಬಗ್ಗೆ ಹೇಳಬೇಕು. ನೀರಿನಲ್ಲಿರುವ ಜಲಜನಕಕ್ಕೆ ಒಬ್ಬ ಅಣ್ಣನಿದ್ದಾನೆ, ತೂಕ ಎರಡರಷ್ಟು. ಆ ತೂಕದ ಜಲಜನಕದಿಂದಾದ ನೀರೇ ಭಾರಜಲ. ನೋಡಲು ನೀರೇ, ಬೆಲೆ ಮಾತ್ರ ಮೈ ಜುಮ್ಮೆನ್ನುವಂಥದ್ದು. ಅದನ್ನು ಕ್ಲೋರೋಫಾರ್ಮಿನ ಜೊತೆ ಒಂದು ಬುಡ್ಡಿಗೆ ಹಾಕಿ, ಚೂರು ಕ್ಷಾರ ಸೇರಿಸಿ ಅಲ್ಲಾಡಿಸಿದರೆ ಎರಡೂ ಬೆರೆಯುವುದಿಲ್ಲ. ಕ್ಲೋರೋಫಾರ್ಮ್ ಕೆಳಗೆ, ನೀರು ಮೇಲೆ. ಆದರೆ ಒಳಗೊಳಗೇ ಎರಡರ ನಡುವೆ ಜಲಜನಕ ಅದಲುಬದಲಾಗುತ್ತಿರುತ್ತದೆ. ಎಷ್ಟು ಹೊತ್ತಿಗೆ ಎಷ್ಟು ಬದಲಾಯಿತು ಎಂದು ಅಳೆಯುವುದೇ ನನ್ನ ಪಿಎಚ್‌ಡಿ. ಹರಳಿನ ಎರಡು ಬಿಲ್ಲೆಗಳ ನಡುವೆ ಒಂದು ಹನಿ ಇಟ್ಟು, ಸ್ಪೆಕ್ಟ್ರೋಮೀಟರಿನಲ್ಲಿ ಅವಗೆಂಪು ಬೆಳಕು ಹಾಯಿಸುತ್ತಿದ್ದೆ. ಹಗುರ ಜಲಜನಕ ಒಂದು ಜಾಗದಲ್ಲಿ ಬೆಳಕನ್ನು ನುಂಗುತ್ತದೆ, ಭಾರದ್ದು ಇನ್ನೊಂದು ಜಾಗದಲ್ಲಿ. ಪರದೆಯ ಮೇಲಿನ ಗೆರೆಯಲ್ಲಿ ಆ ಜಾಗಗಳಲ್ಲಿ ಹಳ್ಳ ಬೀಳುತ್ತದೆ. ಹಳ್ಳದ ಆಳ ನೋಡಿ ಲೆಕ್ಕ ಹಾಕಬೇಕು.

ಅಕ್ಕ ಭಾರಜಲಕ್ಕೆ ತೂಕದ ನೀರು ಎಂದು ಹೆಸರಿಟ್ಟಿದ್ದಳು. ಸ್ಪೆಕ್ಟ್ರೋಮೀಟರಿಗೆ ಕಣ್ಣು ಎನ್ನುತ್ತಿದ್ದಳು. "ಇವತ್ತು ಕಣ್ಣು ಏನ್ ಕಾಣ್ತಂತವ್ವ?" ಎಂದು ಸಂಜೆ ಹೊರಡುವ ಮುಂಚೆ ಕೇಳುತ್ತಿದ್ದಳು. ಕಬ್ಬಾಳಿಗೆ ಹೋಗಿ ಬಂದರೆ ಕಬ್ಬಾಳಮ್ಮನ ಕುಂಕುಮ ತಂದು ಅದರ ಮೇಲೆ ಒಂದು ಬೊಟ್ಟಿಡುತ್ತಿದ್ದಳು. ನಮ್ಮ ಗೈಡ್ ಮೇಷ್ಟ್ರು ನೋಡಿ ನೋಡದ ಹಾಗೆ ಇರುತ್ತಿದ್ದರು. ಕೆಟ್ಟು ಕೂತ ಯಂತ್ರ ಒಮ್ಮೆ ಆ ಬೊಟ್ಟಿನ ಮಾರನೆಯ ದಿನ ತಾನಾಗಿ ಸರಿಹೋದ ಮೇಲೆ ಅವರೇ, "ಏನಮ್ಮ, ಕಬ್ಬಾಳಿಗೆ ಯಾವಾಗ ಹೋಗೋದು?" ಎಂದು ಕೇಳತೊಡಗಿದರು.

ಪ್ರಯೋಗದಲ್ಲಿ ಒಂದೇ ಒಂದು ಶತ್ರುವಿತ್ತು, ಸಾದಾ ನೀರು. ನಮ್ಮ ನಲ್ಲಿಯಲ್ಲಿ ಬರುವ, ಗಾಳಿಯಲ್ಲಿ ತೇವವಾಗಿ ತೇಲುವ ಅದೇ ನೀರು. ಹನಿಯಷ್ಟು ಸೇರಿದರೂ ಅದರ ಹಗುರ ಜಲಜನಕ ನುಗ್ಗಿ ಲೆಕ್ಕ ಕೆಡಿಸುತ್ತದೆ. ಆದ್ದರಿಂದ ಬುಡ್ಡಿ ಒಣಗಿರಬೇಕು, ಎಲುಬಿನಷ್ಟು ಒಣಗಿರಬೇಕು.

ಮೊದಲೆರಡು ವರ್ಷ ಓದು, ಸಿದ್ಧತೆಯಲ್ಲೇ ಹೋಯಿತು. ಮೂರನೆಯ ವರ್ಷ ಅಳೆಯಲು ಕೂತ ಕೂಡಲೇ ನನ್ನ ಲೆಕ್ಕ ಕೆಡತೊಡಗಿತು. ಭಾರಜಲವನ್ನು ಬುಡ್ಡಿಗೆ ಹಾಕಿದ ತಕ್ಷಣ, ಇನ್ನೂ ಏನೂ ಬದಲಾಗುವ ಮುಂಚೆಯೇ ನೋಡಿದರೆ, ಇರಬಾರದ ಜಾಗದಲ್ಲಿ ಹಳ್ಳ. ನೂರಕ್ಕೆ ಒಂದು, ಒಂದೂವರೆ ಪಾಲು ಸಾದಾ ಜಲಜನಕ. ಒಂದು ದಿನ ಸರಿಯಿರುತ್ತಿತ್ತು, ಮೂರು ದಿನ ಕೆಡುತ್ತಿತ್ತು. ಭಾರಜಲದ ಹೊಸ ಬಾಟಲಿ ತೆರೆದೆ. ಕ್ಲೋರೋಫಾರ್ಮ್ ಬದಲಿಸಿದೆ. ಹರಳಿನ ಬಿಲ್ಲೆಗಳನ್ನು ಬದಲಿಸಿದೆ. ಮಳೆಗಾಲ ಮುಗಿಯಲಿ ಎಂದು ಕಾದೆ, ಅದೂ ಮುಗಿಯಿತು. ಪ್ರಬಂಧ ಒಪ್ಪಿಸುವ ಗಡುವು ತಲೆಯ ಮೇಲೆ ಕೂತಿತ್ತು. ಗೈಡ್ ಒಂದು ದಿನ ನನ್ನ ಗೆರೆಗಳ ಹಾಳೆಗಳನ್ನೆಲ್ಲ ಮೇಜಿನ ಮೇಲೆ ಹರಡಿ, "ಇನ್ನು ಉಳಿದಿರೋದು ಗಾಜು ಒಂದೇ. ಒಣಗಿಸೋದು ಯಾರು?" ಎಂದರು.

ನನಗೆ ಮೊದಲೇ ಮೂಗಿನ ತುದಿಯಲ್ಲೇ ಕೋಪ. ಅವತ್ತು ಅವರ ರೂಮಿನಿಂದ ಹೊರಬಿದ್ದವಳು ನೇರ ಸಿಂಕಿನ ಹತ್ತಿರ ಹೋದೆ. ಇಬ್ಬರು ವಿದ್ಯಾರ್ಥಿನಿಯರು ಅಲ್ಲೇ ಇದ್ದರು. ಅವರೆದುರಿಗೇ ಶುರುಮಾಡಿದೆ.

"ಅಕ್ಕ, ಬುಡ್ಡಿ ಒಣಗಿಸ್ತಾ ಇದೀಯೋ, ಸುಮ್ನೆ ಓವನ್ ಒಳಗಿಟ್ಟು ತೆಗೀತಾ ಇದೀಯೋ?"

"ಎರಡು ಗಂಟೆ ಇಡ್ತೀನಿ ಕಣವ್ವ. ಗಡಿಯಾರ ನೋಡ್ಕಂಡೇ."

"ಹಾಗಾದರೆ ಒಳಗೆ ನೀರು ಎಲ್ಲಿಂದ ಬರುತ್ತೆ? ನನ್ನ ಮೂರು ವರ್ಷದ ಕೆಲಸ ಮಣ್ಣುಪಾಲಾಗ್ತಿದೆ, ಗೊತ್ತಾ ನಿನಗೆ?"

ಅವಳು ಕೈಯಲ್ಲಿದ್ದ ಬ್ರಷ್ ಕೆಳಗಿಟ್ಟಳು. ನನ್ನ ಮುಖವನ್ನೇ ನೋಡಿದಳು. "ಅವ್ವ, ನೀವೇ ಅಲ್ವಾ..." ಎಂದು ಶುರುಮಾಡಿದಳು.

"ಎದುರುತ್ತರ ಕೊಡಬೇಡ" ಎಂದು ನಾನು ಕಿರುಚಿದೆ. ಆ ಮಾತು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. ಅವಳು ಬಾಯಿ ಮುಚ್ಚಿಕೊಂಡಳು. ಆ ಹುಡುಗಿಯರು ತಲೆ ತಗ್ಗಿಸಿದರು. ನಾನು ಒಳಗೆ ಹೋಗಿ ಲ್ಯಾಬಿನ ದಿನಚರಿ ಪುಸ್ತಕ ತೆಗೆದು, ಆ ತಿಂಗಳ ಕೆಟ್ಟ ಲೆಕ್ಕಗಳ ಕೆಳಗೆ, 'ಗಾಜು ತೊಳೆಯುವವಳ ಅಜಾಗರೂಕತೆಯಿಂದ ಸಾದಾ ನೀರು ಸೇರಿ ಫಲಿತಾಂಶ ಕೆಟ್ಟಿದೆ' ಎಂದು ಬರೆದು ಸಹಿ ಹಾಕಿದೆ.

ಮಾರನೆಯ ದಿನ ಅವಳನ್ನು ಹಾಸ್ಟೆಲಿನ ಕಸ ಗುಡಿಸುವ ಕೆಲಸಕ್ಕೆ ಹಾಕಿದರು. ಎರಡು ದಿನ ಗುಡಿಸಿದಳು. ಮೂರನೆಯ ದಿನ ಬರಲಿಲ್ಲ. ಆಮೇಲೂ ಬರಲಿಲ್ಲ. ಅವಳ ನಾಲ್ಕು ಲೋಟಗಳು ಲ್ಯಾಬಿನ ಮೂಲೆಯಲ್ಲಿ ಕವುಚಿಕೊಂಡೇ ಇದ್ದವು. ಯಾರೋ ಯಾವಾಗಲೋ ಕ್ಯಾಂಟೀನಿಗೆ ತೆಗೆದುಕೊಂಡು ಹೋದರು.

ದೇವರಿಗೂ ನನ್ನ ಮೇಲೆ ಸಿಟ್ಟಿತ್ತೇನೋ, ಆಮೇಲೆ ನನ್ನ ಲೆಕ್ಕ ಸರಿಯಾಗಿಬಿಟ್ಟಿತು. ಬುಡ್ಡಿಗಳ ಸಹವಾಸವೇ ಬೇಡವೆಂದು ಗೈಡ್ ಒಂದೇ ಸಲ ಬಳಸಿ ಎಸೆಯುವ ಪುಟ್ಟ ಗಾಜಿನ ಸೀಸೆಗಳನ್ನು ಪೆಟ್ಟಿಗೆಗಟ್ಟಲೆ ತರಿಸಿದರು. ಪೆಟ್ಟಿಗೆಯಿಂದ ತೆಗೆದು, ಮುಚ್ಚಳ ತೆರೆದು, ನೇರ ಭಾರಜಲ ಹಾಕುವುದು. ಇರಬಾರದ ಹಳ್ಳ ಮಾಯವಾಯಿತು. ನೋಡಿದಿರಾ, ಅವಳದೇ ತಪ್ಪು ಎಂದು ನಾನೇ ನಾಲ್ಕು ಜನರ ಮುಂದೆ ಹೇಳಿಕೊಂಡು ತಿರುಗಿದೆ. ಪಿಎಚ್‌ಡಿ ಬಂತು. ಚನ್ನಪಟ್ಟಣದ ಕಾಲೇಜಿನಲ್ಲಿ ಕಾಯಂ ಕೆಲಸ ಸಿಕ್ಕಿತು. ಅಕ್ಕನನ್ನು ಮರೆತೆ ಎಂದರೆ ಸುಳ್ಳಾಗುತ್ತದೆ. ನೆನಪಾದಾಗಲೆಲ್ಲ, ಎಷ್ಟು ಒಳ್ಳೆಯವಳು, ಕೊನೆಗೆ ಹೀಗೆ ಮಾಡಿಬಿಟ್ಟಳಲ್ಲ ಎಂದು ನಾನೇ ದೊಡ್ಡ ಮನಸ್ಸು ಮಾಡಿ ಕ್ಷಮಿಸುತ್ತಿದ್ದೆ. ನನ್ನ ಕ್ಷಮೆಗೆ ಬೆಂಕಿ ಹಾಕ.

ಅಕ್ಕ ಕೆಲಸ ಬಿಟ್ಟು ಮೂರು ವರ್ಷ ಕಳೆಯಿತು. ಚನ್ನಪಟ್ಟಣದಲ್ಲಿ ಎಂಎಸ್ಸಿ ಹುಡುಗಿಯರಿಗೆ ಈ ಪ್ರಯೋಗ ತೋರಿಸಬೇಕಾಗಿ ಬಂತು. ಸೀಸೆಗಳಿಗೆ ದುಡ್ಡಿಲ್ಲ, ಹಳೆಯ ಕ್ರಮದಲ್ಲೇ ಬುಡ್ಡಿಯಲ್ಲಿ ಮಾಡೋಣ ಎಂದೆ. ರಾಮನಗರದ ಲ್ಯಾಬಿನಿಂದ ನನ್ನ ಹಳೆಯ ದಿನಚರಿ ಪುಸ್ತಕವನ್ನೂ ತರಿಸಿಕೊಂಡಿದ್ದೆ. ಮುಂದಿನ ಬ್ಯಾಚಿಗೂ ಆಗಲಿ ಎಂದು ಒಬ್ಬ ಹುಡುಗಿ ಫೋನಿನಲ್ಲಿ ವಿಡಿಯೋ ಮಾಡಿದಳು. ನಾನು ನಿಂತು ವಿವರಿಸಿದೆ. ಬುಡ್ಡಿ ಎಲುಬಿನಷ್ಟು ಒಣಗಿರಬೇಕು, ಒಂದು ಹನಿ ನೀರು ಎಲ್ಲವನ್ನೂ ಕೆಡಿಸುತ್ತದೆ, ಇತ್ಯಾದಿ. ಪ್ರಯೋಗ ಮಾಡಿದೆವು. ಪರದೆಯ ಮೇಲೆ ಇರಬಾರದ ಜಾಗದಲ್ಲಿ ಹಳ್ಳ ಬಿತ್ತು.

ಹಳೆಯ ಗೆಳೆಯನನ್ನು ನೋಡಿದ ಹಾಗಾಯಿತು. ಬುಡ್ಡಿ ಒಣಗಿಸಿದ್ದು ಯಾರು ಎಂದು ಗದರಿದೆ. ವಿಡಿಯೋ ಮಾಡಿದ ಹುಡುಗಿ ಫೋನು ನೋಡುತ್ತಿದ್ದವಳು ತಲೆಯೆತ್ತಿದಳು. ಹೆದರಿ ಹೆದರಿ ಕೇಳಿದಳು: "ಮ್ಯಾಮ್, ಇಲ್ಲಿ ನೀವು ನೀರು ಯಾಕೆ ಹಾಕ್ತಿದ್ದೀರಾ?"

ಫೋನು ಇಸಿದುಕೊಂಡು ನೋಡಿದೆ. ನಾನು ಮಾತಾಡುತ್ತಿದ್ದೇನೆ. ಡಬ್ಬದಿಂದ ಒಣಗಿದ ಬುಡ್ಡಿ ತೆಗೆಯುತ್ತೇನೆ. ಒಂದು ಹನಿ ನೀರೂ ಇರಬಾರದು ಎಂದು ಹೇಳುತ್ತಲೇ, ನನ್ನ ಬಲಗೈ ಸಿಂಕಿನ ಪಕ್ಕದ ಪ್ಲಾಸ್ಟಿಕ್ ಬಾಟಲಿಯನ್ನು ಎತ್ತಿ, ಬುಡ್ಡಿಯೊಳಗೆ ನೀರು ಚಿಮ್ಮಿಸಿ, ಎರಡು ಸುತ್ತು ಗಲಬರಿಸಿ, ಸಿಂಕಿಗೆ ಚೆಲ್ಲಿ, ಒಂದು ಸಲ ಕೊಡವಿ, ಬುಡ್ಡಿಯನ್ನು ಮೇಜಿನ ಮೇಲಿಡುತ್ತದೆ. ಮೂರು ಸೆಕೆಂಡು. ಮಾತು ಎಲ್ಲೂ ತಡವರಿಸುವುದಿಲ್ಲ. ಆ ಕೈ ನನ್ನದೇ. ನಮ್ಮವ್ವ ಕಲಿಸಿದ ಕೈ. ಮನೆಗೆ ಬಂದವರಿಗೆ ನೀರು ಕೊಡುವ ಕೈ.

ಐದು ಸಲ ನೋಡಿದೆ. ಅವಸರದ ದಿನಗಳಲ್ಲಿ ಗಲಬರಿಸುತ್ತಿರಲಿಲ್ಲ ಎಂದು ಕಾಣುತ್ತದೆ, ಆ ದಿನಗಳ ಲೆಕ್ಕ ಸರಿಯಿತ್ತು. ಸೀಸೆಗಳು ಪೆಟ್ಟಿಗೆಯಿಂದ ಬಂದವು, ಅವು ಲೋಟದ ಹಾಗೆ ಕಾಣುತ್ತಿರಲಿಲ್ಲ, ಕೈ ಸುಮ್ಮನಿತ್ತು. ಬುಡ್ಡಿಯ ಒಳಗೆ ಉಳಿದ ನೀರು ನನ್ನ ಕಣ್ಣಿಗೆ ಒಂದು ದಿನವೂ ಯಾಕೆ ಬೀಳಲಿಲ್ಲ ಎಂದು ಕೇಳುತ್ತೀರಾ? ಜಿಡ್ಡಿದ್ದ ಗಾಜಾಗಿದ್ದರೆ ಹನಿಹನಿಯಾಗಿ ನಿಂತು ಬೆಳಗಾಗೆದ್ದು ನನ್ನನ್ನು ನೋಡಿ ನಗುತ್ತಿತ್ತು. ಅಕ್ಕ ತೊಳೆದ ಗಾಜಿನಲ್ಲಿ ನೀರು ಒಡೆಯುತ್ತಿರಲಿಲ್ಲ. ಇದೆಯೋ ಇಲ್ಲವೋ ಎನ್ನುವ ಹಾಗೆ ಹರಡಿಕೊಂಡು ಕೂತಿರುತ್ತಿತ್ತು. ಅವಳು ಅಷ್ಟು ಚೆನ್ನಾಗಿ ತೊಳೆದದ್ದರಿಂದಲೇ ನನ್ನ ತಪ್ಪು ನನಗೆ ಕಾಣಲಿಲ್ಲ.

ಹುಡುಗಿಯರನ್ನು ಕಳಿಸಿ, ಬಾಗಿಲು ಹಾಕಿಕೊಂಡು ಅತ್ತೆ. ಆಮೇಲೆ ದಿನಚರಿ ಪುಸ್ತಕ ತೆಗೆದು ಆ ಸಾಲನ್ನು ಹುಡುಕಿದೆ. ಅದರ ಮೇಲೆ ಕೆಂಪು ಗೆರೆ ಎಳೆದು ಕೆಳಗೆ ನಡೆದದ್ದನ್ನು ಬರೆದೆ. ಗೈಡಿಗೆ ಫೋನ್ ಮಾಡಿ ಹೇಳಿದೆ. ಅವರು ಆಗಲೇ ನಿವೃತ್ತರಾಗಿದ್ದರು. "ಆ ಮಾತು ಶುರುಮಾಡಿದ್ದು ನಾನೇ ಅಲ್ವೇನಮ್ಮ. ಹೋಗಿ ಹೇಳಿ ಬಾ" ಎಂದರು.

ಮಾರನೆಯ ಭಾನುವಾರ ಕೂಟಗಲ್ಲಿಗೆ ಹೋದೆ. ಪುಸ್ತಕ ಬ್ಯಾಗಿನಲ್ಲಿತ್ತು. ಅಕ್ಕ ಪಡಸಾಲೆಯಲ್ಲಿ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಆರು ತಿಂಗಳ ಹಿಂದೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿತ್ತು. ಬಾಯಿ ಒಂದಿಷ್ಟು ಓರೆಯಾಗಿತ್ತು, ಮಾತು ನಿಧಾನವಾಗಿತ್ತು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡಳು. "ಬನ್ನಿ ಅವ್ವ. ಯಾವಾಗ ಬಂದ್ರಿ?" ಎಂದಳು, ನಿನ್ನೆ ತಾನೇ ನೋಡಿದ ಹಾಗೆ. ಸೊಸೆ ನೀರು ತರಲು ಒಳಗೆ ಹೋದಳು.

"ಗಲಬರ್ಸಿ ಕೊಡೇ" ಎಂದು ಅಕ್ಕ ಕೂಗಿದಳು. "ಒಂದಲ್ಲ, ಎರಡು ಸತಿ ಗಲಬರ್ಸು."

ಸೊಸೆ ಲೋಟ ತಂದು ನನ್ನ ಕೈಗಿಡುತ್ತಾ ಗೊಣಗಿದಳು. "ಇದೊಂದು ರ‍್ವಾಗ ಆಗೋಗದೆ ನೋಡಿ ಮೇಡಂ ನಮ್ಮತ್ತೇಗೆ. ಮೂರ್ ವರ್ಸದಿಂದ ಹಿಂಗೇಯ. ತೊಳ್ದಿದ್ದ ತೊಳ್ದು ತೊಳ್ದು ಇಡೋರು. ಈಗ ಕೈಲಾಗಲ್ಲ, ನನ್ ಕೈಲಿ ಮಾಡುಸ್ತರೆ."

ಕುಡಿಯದೆಯೇ ಲೋಟ ಕೆಳಗಿಟ್ಟು, ಮಂಚದ ಪಕ್ಕ ನೆಲದ ಮೇಲೆ ಕೂತೆ. "ಮ್ಯಾಕ್ ಕುಂತ್ಕಳಿ ಅವ್ವ" ಎಂದಳು. ನಾನು ಏಳಲಿಲ್ಲ.

"ಅಕ್ಕ, ಅವತ್ತು ನೀವು ಏನೋ ಹೇಳೋಕೆ ಬಂದಿರಿ. 'ನೀವೇ ಅಲ್ವಾ' ಅಂದ್ರಿ. ನಾನು ಬಾಯಿ ಮುಚ್ಚಿಸಿದೆ. ಏನು ಹೇಳ್ತಿದ್ರಿ?"

ಅವಳನ್ನು ನಾನು ನೀವು ಎಂದದ್ದು ಅದೇ ಮೊದಲು. ಅವಳು ಹೊರಗೆ ಹಿಪ್ಪುನೇರಳೆ ಸಾಲಿನ ಕಡೆ ಮುಖ ತಿರುಗಿಸಿದಳು.

"ಬುಡಿ ಅವ್ವ. ಅದ್ಯಾಕೀಗ."

"ಹೇಳಿ ಅಕ್ಕ. ನನ್ನಾಣೆ."

"ನೀವೇ ಅಲ್ವಾ ನೀರಾಕೋದು, ಅಂತ ಏಳಕ್ ಬಂದೆ" ಎಂದಳು. "ನಾನು ಒಣಗ್ಸಿ ಕೊಟ್ಟ ಬುಡ್ಡಿಯ ನೀವು ತಿರ್ಗಾ ತೊಳೀತಿದ್ರಿ. ದಿನಾ ನೋಡ್ತಿದ್ದೆ. ಮೊದ್ಲು ನಂಗೆ ಬಾಳ ಬ್ಯಾಜಾರಾಯ್ತು. ಅವ್ವಂಗೆ ನಾನು ತೊಳ್ದಿದ್ದು ಸಾಲ್ದು, ಅದ್ಕೇ ತಿರ್ಗಾ ತೊಳ್ಕತಾರೆ ಅಂದ್ಕಂಡೆ. ಇನ್ನೂ ಉಜ್ಜಿ ಉಜ್ಜಿ ತೊಳ್ದೆ. ಏಟ್ ತೊಳುದ್ರೂ ನೀವು ತೊಳೀತಾನೇ ಇದ್ರಿ."

"ಗೈಡ್ ಹತ್ರ ಯಾಕೆ ಹೇಳಲಿಲ್ಲ?"

"ಓದಿರೋ ಮೇಡಮ್ಮ ತೆಪ್ಪು ಮಾಡವ್ರೆ ಅಂತ ಗಾಜು ತೊಳೆಯೋಳು ಏಳುದ್ರೆ ಯಾರವ್ವ ನಂಬ್ತಾರೆ? ಮನೀಗ್ ಬಂದ್ ಮ್ಯಾಕೆ ನಂಗೂ ನಂಬ್ಕೆ ಹೋಯ್ತು. ಅಷ್ಟು ಓದ್ದೋರು ಅಂಗೆ ಮಾಡ್ತಾರಾ? ನಂದೇ ಎಲ್ಲೋ ಎಡವಟ್ಟಾಗಿರ್ಬೇಕು ಅನ್ಕಂಡೆ." ಸರಿಯಿದ್ದ ಬಲಗೈಯನ್ನು ಮುಂದೆ ಚಾಚಿ, ತಿರುಗಿಸಿ ನೋಡಿಕೊಂಡಳು. "ಈ ಕೈ ಮ್ಯಾಲೇ ಗುಮಾನಿ ಬಂದ್ಬುಡ್ತು ಕಣವ್ವ. ಏನ್ ತೊಳುದ್ರೂ ತೊಳ್ದಂಗೇ ಇರ್ಲಿಲ್ಲ."

ನಾನು ಅವಳ ಕೈ ಹಿಡಿದುಕೊಂಡೆ. ಬುಡ್ಡಿ ಸರಿಯಿತ್ತು, ನೀವು ಒಣಗಿಸಿದ್ದು ಸರಿಯಿತ್ತು, ನೀರು ಹಾಕಿದವಳು ನಾನು, ಕೈ ತನ್ನ ಪಾಡಿಗೆ ಹಾಕಿತು, ನನಗೆ ಗೊತ್ತೇ ಆಗಲಿಲ್ಲ ಎಂದು ಅಳುತ್ತಾ ಹೇಳಿದೆ. ಫೋನಿನಲ್ಲಿ ಆ ವಿಡಿಯೋ ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿದಳು. ನನ್ನ ಕೈ ನೀರು ಚಿಮ್ಮಿಸಿದ ಕೂಡಲೇ, "ಆ ನೋಡಿ, ಅಲ್ಲೇ" ಎಂದು ಬೆರಳು ತೋರಿಸಿದಳು. ಇನ್ನೊಮ್ಮೆ ಹಾಕಿ ಎಂದಳು. ಮತ್ತೊಮ್ಮೆ. ಸೊಸೆಯನ್ನು ಕರೆದು ತೋರಿಸಿದಳು. ಆಮೇಲೆ ಅವಳಿಗೂ ಅಳು ಬಂತು. ಓರೆಯಾದ ಬಾಯಿಯ ಅಂಚಿನಲ್ಲಿ ಇಳಿದದ್ದನ್ನು ಸೊಸೆ ಸೆರಗಿನಿಂದ ಒರೆಸಿದಳು.

"ಮೂರ್ ವರ್ಸ ಆಯ್ತಲ್ಲವ್ವ" ಎಂದಳು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ದಿನಚರಿ ಪುಸ್ತಕ ತೆಗೆದು ಕೆಂಪು ಗೆರೆ ಎಳೆದ ಸಾಲನ್ನು ತೋರಿಸಿದೆ. ಏನು ಬರೆದಿತ್ತು ಎಂದು ಕೇಳಿದಳು. ಓದಿ ಹೇಳಲು ನಾಚಿಕೆಯಾಯಿತು, ಆದರೂ ಓದಿದೆ. ಕೆಳಗಿನದನ್ನೂ ಓದಿದೆ: 'ಮೇಲಿನ ಮಾತು ಸುಳ್ಳು. ಗಾಜು ಶುದ್ಧವಾಗಿತ್ತು, ಒಣಗಿತ್ತು. ನೀರು ಸೇರಿಸಿದವಳು ನಾನು.' ಕೊನೆಗೆ ನನ್ನ ಸಹಿ.

"ಇದು ಕಾಲೇಜಲ್ಲೇ ಇರ್ತದಾ?"

"ಇರುತ್ತೆ ಅಕ್ಕ. ಓದೋ ಹುಡುಗರೆಲ್ಲ ನೋಡ್ತಾರೆ."

ಅವಳು ಬಲಗೈಯ ಹೆಬ್ಬೆರಳು ಎತ್ತಿದಳು. "ನಾನೂ ಒತ್ಲಾ? ಒಪ್ಪಿವ್ನಿ ಅಂತ?"

ಇಂಕ್ ಪ್ಯಾಡ್ ಎಲ್ಲಿ ತರುವುದು? ಸೊಸೆ ಒಳಗಿನಿಂದ ಮೊಮ್ಮಗಳ ನೀಲಿ ಸ್ಕೆಚ್ ಪೆನ್ನು ತಂದಳು. ನಾನು ಅಕ್ಕನ ಬಲ ಹೆಬ್ಬೆರಳಿಗೆ ಅದರಿಂದ ಬಣ್ಣ ಬಳಿದೆ. ಮೆತ್ತಗೆ, ನುಣ್ಣಗೆ ಇತ್ತು. ನನ್ನ ಸಹಿಯ ಪಕ್ಕದಲ್ಲಿ, ಹಾಜರಿ ಪುಸ್ತಕದಲ್ಲಿ ಒತ್ತುತ್ತಿದ್ದ ಹಾಗೇ, ಜೋರಾಗಿ ಒತ್ತಿದಳು.

ಆಮೇಲೆ ತಿಂಗಳಿಗೊಂದು ಸಲವಾದರೂ ಹೋಗಿ ಬರುತ್ತಿದ್ದೆ. "ಕಣ್ಣು ಏನ್ ಕಾಣ್ತಂತವ್ವ?" ಎಂದು ಕೇಳುತ್ತಿದ್ದಳು. ನಾಲ್ಕು ಸಲ ಹೋಗಿರಬೇಕು. ಐದನೆಯ ಸಲಕ್ಕೆ ಮುಂಚೆ ಒಂದು ಬೆಳಿಗ್ಗೆ ಕ್ಲಾಸಿನಲ್ಲಿದ್ದಾಗ ಸೊಸೆಯ ಫೋನು ಬಂತು. ಎರಡನೆಯ ಸಲ ಲಕ್ವ ಹೊಡೆದಿತ್ತು, ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತೂ ಇರಲಿಲ್ಲವಂತೆ.

ನಾನು ಹೋಗುವ ಹೊತ್ತಿಗೆ ಮೈ ತೊಳೆದು, ಹಣೆಗೆ ವಿಭೂತಿ ಇಟ್ಟು ಮಲಗಿಸಿದ್ದರು. ಕೈಗಳು ಎದೆಯ ಮೇಲಿದ್ದವು. ಸೊಸೆ ನನ್ನನ್ನು ತಬ್ಬಿಕೊಂಡು ಅತ್ತಳು. "ನೀವು ಬಂದ್ ಹೋದ್ ಮ್ಯಾಕೆ ಒಂದ್ ದಿನಾನೂ ಗಲಬರ್ಸು ಅನ್ಲಿಲ್ಲ ಮೇಡಂ. 'ನಾನು ತೊಳ್ದಿದ್ದೇ ಸರಿಯಿತ್ತಂತೆ, ನೀನೂ ಒಂದೇ ಸತಿ ತೊಳಿ, ಸಾಕು' ಅಂತಿದ್ರು." ಸಂಜೆ ಮಣ್ಣು ಹಾಕಿ ಬಂದೆವು.

ನಾನೀಗಲೂ ಅದೇ ಪ್ರಯೋಗ ಕಲಿಸುತ್ತೇನೆ. ಬುಡ್ಡಿಗಳಲ್ಲೇ. ಸಿಂಕಿನ ಪಕ್ಕದಿಂದ ಆ ಪ್ಲಾಸ್ಟಿಕ್ ಬಾಟಲಿಯನ್ನು ತೆಗೆಸಿದ್ದೇನೆ. ಆದರೂ ನನ್ನ ಕೈ ಒಮ್ಮೊಮ್ಮೆ ಅದನ್ನು ಹುಡುಕಿಕೊಂಡು ಹೋಗುತ್ತದೆ, ಹೋಗಿ ಸುಮ್ಮನೆ ನಿಲ್ಲುತ್ತದೆ. ಮೊದಲನೆಯ ಪಾಠದ ದಿನ ಆ ಹಳೆಯ ಪುಸ್ತಕವನ್ನು ಹುಡುಗಿಯರ ಕೈಗೆ ಕೊಡುತ್ತೇನೆ. ಕೆಂಪು ಗೆರೆ ನೋಡುತ್ತಾರೆ, ಕೆಳಗಿನದನ್ನು ಓದುತ್ತಾರೆ, ನನ್ನ ಮುಖ ನೋಡುತ್ತಾರೆ. ಈ ವರ್ಷ ಒಬ್ಬಳು ಕೇಳಿದಳು:

"ಮ್ಯಾಮ್, ನಿಮ್ಮ ಸೈನ್ ಪಕ್ಕ ಇಂಕ್ ಚೆಲ್ಲಿದೆಯಲ್ಲ, ಏನದು?"

"ಚೆಲ್ಲಿಲ್ಲ ಕಣಮ್ಮ" ಎಂದೆ. "ಅದೂ ಸಹಿಯೇ. ಗಾಜು ತೊಳೆದವರದು."